ಉಪ್ಪಿಲ್ಲದ ವಾರ

ಹೊಡೆದಾಡುವವರನ್ನು ನಾನು ಊರಿನಲ್ಲಿ ಬೇಕಾದಷ್ಟು ಕಂಡಿದ್ದೇನೆ. ಶೇಂದಿ ಅಂಗಡಿಯ ಎದುರು ಹೊಡೆದಾಡುವವರೂ ಇದ್ದರು, ಗಡಿಕಲ್ಲಿಗಾಗಿ ಹೊಡೆದಾಡುವ ಅಣ್ಣತಮ್ಮಂದಿರೂ ಇದ್ದರು. ಆದರೆ ಹೊಡೆದಾಟಕ್ಕೆ ಮೊದಲು ಒಂದು ವಾರ ಉಪ್ಪು ಬಿಡುವವನನ್ನು ಕಂಡದ್ದು ಕುವೈತಿನಲ್ಲಿ, ನಾನು ಅಡುಗೆ ಮಾಡುವ ಮನೆಯಲ್ಲಿ.

ಈ ಮನೆಯ ಹಿರಿಯ ಮಗ ಬೋನಿನೊಳಗೆ ಹೊಡೆದಾಡುವವನು. ಬೋನು ಎಂದರೆ ಸುತ್ತಲೂ ಜಾಲರಿ ಕಟ್ಟಿದ ಅಂಕಣ. ಒಳಗೆ ಇಬ್ಬರು, ಅವರನ್ನು ನೋಡಿಕೊಳ್ಳಲು ಒಬ್ಬ ರೆಫ್ರಿ. ಗುದ್ದಬಹುದು, ಒದೆಯಬಹುದು, ಕೆಡವಿ ಕತ್ತು ಹಿಸುಕಬಹುದು. ಸಾಕಾದವನು ಎದುರಿನವನ ಮೈಮೇಲೆ ಕೈ ತಟ್ಟಿದರೆ ಅವನನ್ನು ಬಿಟ್ಟುಬಿಡಬೇಕು. ಅರಬರಲ್ಲಿ ಈ ಆಟಕ್ಕೆ ಮೊದಮೊದಲು ಇಳಿದವರಲ್ಲಿ ಇವನೂ ಒಬ್ಬ. ಹೆಸರು ಬರೆಯುವುದಿಲ್ಲ. ಬರೆದರೆ ಅವನ ತಾಯಿ, ನಮ್ಮ ಮನೆಯಮ್ಮ, ನನ್ನನ್ನೇ ಬೋನಿಗೆ ಹಾಕುತ್ತಾಳೆ.

ನಾನು ಬಂದದ್ದು ಯುದ್ಧ ಮುಗಿದ ಹೊಸತರಲ್ಲಿ. ಗೋಡೆಗಳ ಮೇಲೆ ಎಣ್ಣೆಬಾವಿಗಳ ಮಸಿ ಇನ್ನೂ ಇತ್ತು. ಗಂಡ ಸತ್ತಿದ್ದ, ಮಗಳನ್ನು ಅಮ್ಮನ ಬಳಿ ಬಿಟ್ಟು ವಿಮಾನ ಹತ್ತಿದೆ. ಆ ಮಗಳು ಈಗ ಇಲ್ಲೇ ಮಂಗಫ್‌ನಲ್ಲಿದ್ದಾಳೆ, ಅಳಿಯ ಕಂಪನಿ ಬಸ್ಸಿನಲ್ಲಿ ಮೀನಾ ಅಬ್ದುಲ್ಲಾದ ಎಣ್ಣೆ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಾನೆ, ಮೊಮ್ಮಗಳು ಕಾಲೇಜಿಗೆ ಹೋಗುತ್ತಾಳೆ. ಶುಕ್ರವಾರ ನಾನು ಅಲ್ಲಿರುತ್ತೇನೆ, ಉಳಿದ ದಿನ ಇಲ್ಲಿ.

ನಾನು ಬಂದಾಗ ಹುಡುಗನ ಹಾಲುಹಲ್ಲು ಬೀಳುತ್ತಿದ್ದವು. ಈಗ ಅವನ ಗಡ್ಡ ನರೆತಿದೆ, ಆದರೂ ನನ್ನ ಬಾಯಿಗೆ ಹುಡುಗ ಎಂದೇ ಬರುತ್ತದೆ. ಅವನು ನನ್ನನ್ನು ಕರೆಯುವುದು ಖಾಲಾ ಎಂದು. ಚಿಕ್ಕಮ್ಮ ಎಂದ ಹಾಗೆ. ಈ ಮನೆಯವರೂ ನಾನೂ ಮಾತಾಡುವುದು ಅರಬ್ಬಿ, ಹಿಂದಿ ಕಲಸಿದ ಭಾಷೆ. ಅದನ್ನು ಹಾಗೇ ಬರೆದರೆ ಯಾರಿಗೂ ತಿಳಿಯದು, ಅದಕ್ಕೆ ನನ್ನ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಹುಡುಗ ಕೂತಲ್ಲಿ ಕೂರುವವನಲ್ಲ. ಊಟಕ್ಕೆ ಕೂರಿಸಿದರೆ ಮೇಜಿನ ಅಡಿಯಲ್ಲಿರುತ್ತಿದ್ದ, ಓದಲು ಕೂರಿಸಿದರೆ ಬಾಗಿಲಿಗೆ ಜೋತು ಬಿದ್ದಿರುತ್ತಿದ್ದ. ಚಿಕ್ಕಪ್ಪನ ಮಕ್ಕಳು ಬಂದರೆ ಜಮಖಾನದ ಮೇಲೆ ಕುಸ್ತಿ. ಹೂದಾನಿ, ದೀಪ, ಒಮ್ಮೆ ಒಬ್ಬನ ಕೈಮೂಳೆ, ಹೀಗೆ ಒಂದೊಂದೇ ಮುರಿಯಿತು. ಕಡೆಗೆ ಅವನ ಅಪ್ಪ, ಮನೆಯ ಸಾಮಾನು ಉಳಿಯಲಿ ಎಂದು, ಜೂಡೋ ಕಲಿಸುವ ಕಡೆ ಸೇರಿಸಿದ. ಅಲ್ಲಿಂದ ಶುರು.

ದೊಡ್ಡವನಾದ ಮೇಲೆ ಸುಲೈಬಿಯಾದಲ್ಲಿ ಒಂದು ಗೋದಾಮು ಬಾಡಿಗೆಗೆ ಹಿಡಿದ. ಪಕ್ಕದಲ್ಲಿ ಈರುಳ್ಳಿ ಮಂಡಿ. ಆಗ ಈ ಆಟ ಕಲಿಸುವವರು ಇಲ್ಲಿ ಯಾರೂ ಇರಲಿಲ್ಲ. ಬಾಕ್ಸಿಂಗ್ ಗೊತ್ತಿದ್ದ ಒಬ್ಬ ಫಿಲಿಪಿನೋ ವಾಚ್‌ಮನ್, ಕುಸ್ತಿ ಗೊತ್ತಿದ್ದ ಒಬ್ಬ ಈಜಿಪ್ಟಿನ ಮೇಷ್ಟ್ರು, ಇವರನ್ನು ಸೇರಿಸಿಕೊಂಡು ನೆಲಕ್ಕೆ ಚಾಪೆ ಹಾಸಿ ಸೆಣಸುತ್ತಿದ್ದ. ಬಟ್ಟೆ ಒಗೆದರೂ ಬೆವರಿನ ಜೊತೆ ಈರುಳ್ಳಿ ವಾಸನೆ ಹೋಗುತ್ತಿರಲಿಲ್ಲ. "ಈರುಳ್ಳಿ ಹೆಚ್ಚುವವಳು ನಾನು, ನಾರುವವ ನೀನು" ಎಂದು ನಾನು ಬೈಯುತ್ತಿದ್ದೆ.

ಮೊದಲ ಸಲ ಪರದೇಶಕ್ಕೆ ಹೋಗಿ ಆಡಿದ. ಅಲ್ಲಿ ಮೈಕಿನಲ್ಲಿ ಇವನನ್ನು ಮೊದಲ ಅರಬ ಎಂದೇ ಕೂಗಿದರಂತೆ. ಮೊದಲ ಅರಬ ಎಂದರೆ ಮೊದಲು ಪೆಟ್ಟು ತಿಂದ ಅರಬ, ಅಷ್ಟೇ. ಮೂಗು ಮುರಿದುಕೊಂಡು ಬಂದ. ಅಪ್ಪ ನೋಡಿ, "ಯಾರೊಟ್ಟಿಗೆ ಜಗಳ ಆಯಿತು?" ಎಂದು ಕೇಳಿದ. "ಜಗಳ ಅಲ್ಲ ಬಾಬಾ, ಇದು ಆಟ" ಎಂದರೆ, "ಆಟಕ್ಕೆ ಚೆಂಡು ಎಲ್ಲಿ?" ಎಂದ. ಅಪ್ಪ ಸಾಯುವ ತನಕ ಆ ಚೆಂಡಿನ ಪ್ರಶ್ನೆ ಬಿಡಲಿಲ್ಲ.

ಆಮೇಲೆ ಗೆಲ್ಲತೊಡಗಿದ. ಎಲ್ಲೆಲ್ಲೋ ಹೋದ, ಎಷ್ಟೋ ಸಲ ಗೆದ್ದ, ಕೆಲವು ಸಲ ಸೋತ. ವಿಮಾನ ನಿಲ್ದಾಣಕ್ಕೆ ಹುಡುಗರು ಬಾವುಟ ಹಿಡಿದು ಬರುತ್ತಿದ್ದರು. ಈರುಳ್ಳಿ ಮಂಡಿಯ ಪಕ್ಕದಿಂದ ಎದ್ದು ಒಳ್ಳೆಯ ಜಾಗದಲ್ಲಿ ಕಲಿಸುವ ಶಾಲೆ ತೆರೆದ. ಹುಡುಗಿಯರೂ ಬಂದರು. ನನ್ನ ಮೊಮ್ಮಗಳು ಅವನ ಪಟವನ್ನು ಫೋನಿನಲ್ಲಿ ಇಟ್ಟುಕೊಂಡಿದ್ದಾಳೆ.

"ಎಂತ ಚಂದ ಉಂಟು ಅದರಲ್ಲಿ, ರಕ್ತ ಸೋರುವುದರಲ್ಲಿ?" ಎಂದು ಕೇಳಿದೆ.

"ಅಜ್ಜಿ, ಇಟ್ಸ್ ಎ ಸ್ಪೋರ್ಟ್!"

"ಸ್ಪೋರ್ಟಾದರೆ ನೀನು ಹೋಗಿ ತಿನ್ನು ಎರಡು."

"ಐ ವಿಲ್" ಎಂದಳು. ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಮನೆಯಮ್ಮ ಮಾತ್ರ ಮಗನ ಒಂದು ಆಟವನ್ನೂ ನೋಡಿದವಳಲ್ಲ. ಆಟದ ದಿನ ಟಿವಿ ಇಲ್ಲ, ಫೋನು ಬೋರಲು. ಮೊಮ್ಮಗಳು ಏನಾಯಿತೆಂದು ನನಗೆ ಹೇಳಬೇಕು, ನಾನು ಹೋಗಿ ಮನೆಯಮ್ಮನಿಗೆ ಹೇಳಬೇಕು. ಅವಳು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, "ನಡೆದುಕೊಂಡು ಹೊರಗೆ ಬಂದನಾ?" ಗೆಲುವು ಸೋಲು ಅವಳಿಗೆ ಬೇಡ. ಹೌದು ಎಂದರೆ ಎದ್ದು ಚಹಾ ಕುಡಿಯುತ್ತಿದ್ದಳು.

ಕಳೆದ ವರ್ಷ ಅವನ ಎಡಗಣ್ಣಿಗೆ ಪೆಟ್ಟಾಯಿತು. ಕಣ್ಣಿನ ಒಳಗಿನ ಪರದೆ ಬಿಟ್ಟಿದೆಯೆಂದು ಆಪರೇಷನ್ ಮಾಡಿದರು. ಅದಾದ ಮೇಲೆ ಒಬ್ಬ ಡಾಕ್ಟರ್ ಆಡಬಹುದು ಎಂದ, ಇನ್ನೊಬ್ಬ ಬೇಡವೇ ಬೇಡ ಎಂದ. ಇಂಥದ್ದರಲ್ಲಿ ಯಾರ ಮಾತು ಹಿಡಿಯುತ್ತಾರೆಂದು ಕೇಳಬೇಕೆ? ಅದೇ ಹೊತ್ತಿಗೆ ಕುವೈತಿನಲ್ಲೇ ಒಂದು ದೊಡ್ಡ ಆಟ ಇಟ್ಟರು. ಇಷ್ಟು ವರ್ಷ ಊರೂರು ತಿರುಗಿ ಹೊಡೆದಾಡಿದವನಿಗೆ ಸ್ವಂತ ದೇಶದ ಅಂಕಣ ಅದೇ ಮೊದಲು. "ಇದೊಂದು ಆಡ್ತೇನೆ, ಆಮೇಲೆ ಖಲಾಸ್" ಎಂದ.

ಆ ಆಟಕ್ಕೆ ತೂಕದ ಕಟ್ಟು ಉಂಟು. ಹಿಂದಿನ ದಿನ ಎಲ್ಲರ ಎದುರು ತೂಗುತ್ತಾರೆ. ಇವನು ಹುಟ್ಟಾ ದಪ್ಪ ಮೈಯವನು. ಆದ್ದರಿಂದ ಕೊನೆಯ ವಾರ ಉಪ್ಪು ಪೂರಾ ಬಂದ್. ಮೊದಲು ಕೊಡಗಟ್ಟಲೆ ನೀರು ಕುಡಿಯುವುದು, ಆಮೇಲೆ ನೀರೂ ಬಂದ್. ಉಪ್ಪು ಒಳಗೆ ಹೋದರೆ ಮೈ ನೀರು ಹಿಡಿದುಕೊಳ್ಳುತ್ತದೆ, ತೂಕ ಇಳಿಯುವುದಿಲ್ಲವಂತೆ. ಬೇಯಿಸಿದ ಕೋಳಿ, ಬೇಯಿಸಿದ ಸೊಪ್ಪು, ನಾಯಿಗೂ ಬೇಡವಾದ ಊಟ, ಅದನ್ನು ಡಬ್ಬಿಗಳಲ್ಲಿ ತುಂಬಿ ನಾನು ಫ್ರಿಜ್ಜಿನಲ್ಲಿ ಇಡುತ್ತಿದ್ದೆ. ಮಧ್ಯಾಹ್ನ ಅವನು ಅಂಗಳದಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ, ಗಾಜು ಏರಿಸಿ, ದಪ್ಪ ಜಾಕೀಟು ಹಾಕಿ, ಬೆವರು ಸುರಿಸುತ್ತ ಕೂರುತ್ತಿದ್ದ. ಅವನ ಜೊತೆಯವನೊಬ್ಬ ನೆರಳಲ್ಲಿ ನಿಂತು ಆಗಾಗ ಇಣುಕಿ ನೋಡುತ್ತಿದ್ದ. ಅಡುಗೆ ಮನೆಯ ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಕೂತಲ್ಲಿ ಕೂರದವನನ್ನು ಕೂರಿಸಬಲ್ಲದ್ದು ಅದೊಂದೇ.

ಆ ವಾರ ಮನೆಯಲ್ಲಿ ಯಾರಿಗೂ ನೆಲೆ ಇರಲಿಲ್ಲ. ಮನೆಯಮ್ಮ ಮಹಡಿ ಹತ್ತುವುದು ಇಳಿಯುವುದು, ಅಡುಗೆ ಮನೆಗೆ ಬರುವುದು, ಬಂದ ಹಾಗೇ ಹೋಗುವುದು. ಒಂದು ಬೆಳಿಗ್ಗೆ ಬಂದು ಬಾಗಿಲು ಹಾಕಿದಳು.

"ಅವನು ಮೆಟ್ಟಿಲಲ್ಲಿ ಎಡಗಡೆಯ ಗೋಡೆ ಹಿಡಿದು ಇಳೀತಾನೆ" ಎಂದಳು. "ನಿನ್ನೆ ಚಹಾ ಲೋಟದ ಹೊರಗೆ ಸುರಿದ. ನೋಡಿದ್ದೀಯಾ?"

"ನೋಡಿದ್ದೇನೆ."

"ನೀನು ಅಡುಗೆ ಮಾಡುವವಳು. ಅವನ ಊಟಕ್ಕೆ ಉಪ್ಪು ಹಾಕು. ಸ್ವಲ್ಪ ಸ್ವಲ್ಪ. ತೂಕ ಇಳಿಯದಿದ್ದರೆ ಆಟ ಇಲ್ಲ. ಖಲಾಸ್."

ನಾನು ಕೊತ್ತಂಬರಿ ಬಿಡಿಸುತ್ತಿದ್ದೆ, ಬಿಡಿಸುತ್ತಲೇ ಇದ್ದೆ. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕಣ್ಣು ಹೋದರೆ ಬರುವುದಿಲ್ಲ. ಆಟ ಹೋದರೆ ನಾಲ್ಕು ದಿನ ಮುಖ ಊದಿಸಿಕೊಂಡು ತಿರುಗುತ್ತಾನೆ, ಆಮೇಲೆ ಸರಿಯಾಗುತ್ತಾನೆ. ಲೆಕ್ಕ ಅವಳ ಕಡೆಗೇ ಇತ್ತು.

ಆದರೂ ಆಗುವುದಿಲ್ಲ ಎಂದೆ.

"ನಮ್ಮ ನಡುವೆ ಇಷ್ಟು ವರ್ಷದ ರೊಟ್ಟಿ ಉಪ್ಪಿನ ಋಣ ಉಂಟು" ಎಂದಳು. ಇಲ್ಲಿಯವರ ದೊಡ್ಡ ಮಾತು ಅದು, ಅದರ ಮೇಲೆ ಮಾತಿಲ್ಲ.

"ಅದಕ್ಕೇ ಆಗುದಿಲ್ಲ ಅನ್ನುದು ಮೇಡಂ. ನಾನು ಕೊಟ್ಟದ್ದನ್ನು ಅವ ನೋಡದೆ ತಿಂತಾನೆ. ಹಾಗೆ ನೋಡದೆ ತಿನ್ನುವವರಿಗೆ ಕಳ್ಳತನದಲ್ಲಿ ಬಡಿಸ್ಲಿಕ್ಕೆ ಶುರು ಮಾಡಿದರೆ ಮತ್ತೆ ನನ್ನ ಕೈಯಲ್ಲಿ ಎಂತ ಉಳಿತದೆ? ಬೇಡ ಅಂತಾದರೆ ಅವನ ಮುಖಕ್ಕೆ ಹೇಳಿ."

"ಮುಖಕ್ಕೆ ಹೇಳಿದರೆ ಕೇಳ್ತಾನಾ?"

"ಕೇಳುದಿಲ್ಲ. ಆದರೂ ಹೇಳಬೇಕು."

ಬಾಗಿಲು ಬಡಿದು ಹೋದಳು. ಆ ದಿನ ನನ್ನ ಜೊತೆ ಮತ್ತೆ ಮಾತಿಲ್ಲ. ಸಂಬಂಧ ಕೆಟ್ಟಿತು, ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ರದ್ದು ಮಾಡಿ ಊರಿಗೆ ಕಳಿಸಿದರೂ ಕಳಿಸಿಯಾಳು ಎಂದುಕೊಂಡೆ. ಕಳಿಸಿದರೆ ಕಳಿಸಲಿ, ನನಗೂ ವಯಸ್ಸಾಯಿತು.

ಮರುದಿನ ಮಧ್ಯಾಹ್ನ ನನ್ನ ಊಟಕ್ಕೆ ಕೂತೆ. ನನ್ನದು ಯಾವಾಗಲೂ ಕುಚ್ಚಲಕ್ಕಿ ಗಂಜಿ. ಗಂಜಿಗೆ ನಮ್ಮಲ್ಲಿ ಪಾತ್ರೆಯಲ್ಲಿ ಉಪ್ಪು ಹಾಕುವ ಕ್ರಮ ಇಲ್ಲ, ಬದಿಯಲ್ಲಿ ಉಪ್ಪಿನಕಾಯಿಯೋ ಒಣಮೀನಿನ ಚಟ್ನಿಯೋ ಇರುತ್ತದಲ್ಲ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಮುಚ್ಚಿ, ಹುಡುಗನ ಡಬ್ಬಿಗಳ ಪಕ್ಕದಲ್ಲೇ ಇಟ್ಟಿದ್ದೆ. ಒಂದು ತುತ್ತು ಬಾಯಿಗೆ ಹಾಕಿದೆ. ಮಲ್ಪೆಯ ಸಮುದ್ರವನ್ನೇ ಕುಡಿದ ಹಾಗಾಯಿತು. ಉಗುಳಲು ಸಿಂಕಿನ ತನಕ ಓಡಬೇಕಾಯಿತು.

ಬೆಳಗಿನಿಂದ ಆ ಕಡೆ ಬಂದವಳು ಒಬ್ಬಳೇ.

ಪಾತ್ರೆ ಹಿಡಿದುಕೊಂಡೇ ಪಡಸಾಲೆಗೆ ಹೋದೆ. "ಮೇಡಂ, ನನ್ನ ಗಂಜಿಗೆ ಉಪ್ಪು ಹಾಕಿದ್ದು ನೀವಾ?"

"ನಿನ್ನ ಗಂಜಿಯಾ?" ಅವಳ ಮುಖ ನೋಡಬೇಕಿತ್ತು. "ಅದು ಅವನದ್ದಲ್ವಾ? ಉಪ್ಪಿಲ್ಲದ್ದು, ಬೆಳ್ಳಗೆ, ನೋಡಿದರೆ ವಾಕರಿಕೆ ಬರುವ ಹಾಗೆ ಇತ್ತು. ಡಯಟ್ ಊಟ ಅಂದುಕೊಂಡೆ."

"ಡಯಟ್ ಊಟ ಅಲ್ಲ, ನನ್ನ ಅಜ್ಜನ ಕಾಲದ ಊಟ. ಎಷ್ಟು ಹಾಕಿದ್ರಿ?"

"ಒಂದು ಹಿಡಿ."

"ಹಿಡಿ! ಒಂದು ಹಿಡಿ ಹಾಕಿದರೆ ಅವ ತಿಂತಾನಾ? ಉಗೀತಾನೆ. ಸ್ವಲ್ಪ ಸ್ವಲ್ಪ ಅಂತ ನನಗೆ ಹೇಳಿಕೊಟ್ಟವರು ನೀವೇ ಅಲ್ವಾ?"

"ನಾನು ಒಲೆ ಮುಟ್ಟಿ ಎಷ್ಟು ವರ್ಷ ಆಯಿತು, ನನಗೇನು ಗೊತ್ತು ಸ್ವಲ್ಪ ಅಂದರೆ ಎಷ್ಟು ಅಂತ?"

ಅವಳಿಗೆ ನಗು ಬಂತು. ನನಗೂ ಬಂತು. ಅವಳ ನಗು ನಿಲ್ಲಲಿಲ್ಲ, ನಡುವೆ ಎಲ್ಲೋ ಅಳುವಾಯಿತು. ನಾನು ನೋಡುತ್ತ ನಿಲ್ಲಲಿಲ್ಲ, ಗಂಜಿ ಚೆಲ್ಲಲು ಒಳಗೆ ಹೋದೆ. ಕಿಟಕಿಯಿಂದ ನೋಡಿದರೆ ಅವಳು ಅಂಗಳಕ್ಕೆ ಇಳಿದು ಕಾರಿನ ಗಾಜು ಕುಟ್ಟುತ್ತಿದ್ದಾಳೆ, ತಲೆಯ ಮೇಲೆ ಆ ಬಿಸಿಲು.

ಹುಡುಗ ಗಾಜನ್ನು ಬೆರಳು ತೂರುವಷ್ಟು ಇಳಿಸಿದ. ಅವಳು ಹೇಳಬೇಕಾದದ್ದನ್ನೆಲ್ಲ ಹೇಳಿದಳು. ಕಣ್ಣಿನ ವಿಷಯ, ಸತ್ತ ಅಪ್ಪನ ವಿಷಯ, ನನ್ನ ಗಂಜಿಯ ವಿಷಯ ಸಹಿತ.

"ಯುಮ್ಮಾ" ಎಂದ ಅವನು. ಗಂಟಲು ಒಣಗಿ ದನಿ ಹೊರಡುತ್ತಿರಲಿಲ್ಲ. "ಸೆಖೆ ಎಲ್ಲ ಹೊರಗೆ ಹೋಗ್ತಾ ಉಂಟು. ಗಾಜು ಏರಿಸ್ತೇನೆ."

"ನಾನು ಹೇಳಿದ್ದು ಕೇಳಿತಾ?"

"ಕೇಳಿತು. ನೀನು ಒಂದು ಸಲ ಬಂದು ನೋಡು. ನೋಡದೆ ಬೇಡ ಅನ್ನಬೇಡ."

ಗಾಜು ಏರಿತು. ಅವಳು ಒಳಗೆ ಬಂದಳು. "ಶುಕ್ರವಾರ ನೀನು ಮಂಗಫ್‌ಗೆ ಹೋಗಬೇಡ" ಎಂದಳು ನನಗೆ. "ನನ್ನ ಜೊತೆ ಬರಬೇಕು."

ತೂಕ ಸರಿಯಾಗಿ ಇಳಿಯಿತು. ಗಲ್ಲದ ಮೂಳೆ ಎದ್ದು, ತುಟಿ ಒಡೆದು, ಮುದುಕನ ಹಾಗೆ ಕಾಣುತ್ತಿದ್ದ.

ಶುಕ್ರವಾರ ಸಂಜೆ ನಾವು ಮೂವರು ಹೆಂಗಸರು ಹೋಗಿ ಕೂತೆವು. ಮನೆಯಮ್ಮ ನಡುವೆ, ನಾನು ಒಂದು ಕಡೆ, ಆಟ ತಿಳಿಸಿ ಹೇಳಲು ಮೊಮ್ಮಗಳು ಇನ್ನೊಂದು ಕಡೆ. ಗದ್ದಲ ಎಂದರೆ ಗದ್ದಲ. ಹುಡುಗ ಒಳಗೆ ಬಂದಾಗ ಇಡೀ ಜಾಗ ಎದ್ದು ನಿಂತಿತು. ಮನೆಯಮ್ಮ ಏಳಲಿಲ್ಲ, ಕಣ್ಣು ಮುಚ್ಚಿ ದುವಾ ಓದುತ್ತಿದ್ದಳು. ಎದುರಿನವನು ಎಳೆಯ, ಎಲ್ಲಿಯದೋ ಗುಡ್ಡಗಾಡಿನವನು, ಕುಸ್ತಿಯಲ್ಲಿ ಉಜ್ಜಿ ಉಜ್ಜಿ ಕಿವಿ ಮುದುಡಿ ಹೋಗಿತ್ತು.

ಮೊದಲ ಸುತ್ತಿನಲ್ಲಿ ನಮ್ಮವನು ಅವನ ಎರಡೂ ಕಾಲು ಹಿಡಿದು ಎತ್ತಿ ಕೆಡವಿದ. ಎದೆಯ ಮೇಲೆ ಕೂತು ಗುದ್ದಿದ. ಜನರ ಕೂಗಿಗೆ ಮನೆಯಮ್ಮ ಒಂದು ಕಣ್ಣು ತೆರೆದಳು, ಮತ್ತೆ ಇನ್ನೊಂದು. ಆಮೇಲೆ ನೋಡಿದರೆ ನನ್ನ ಪಕ್ಕದಲ್ಲಿ ಅವಳೇ ಇಲ್ಲ, ಎದ್ದು ನಿಂತು ಕೂಗುತ್ತಿದ್ದಾಳೆ: "ಹೊಡಿ! ಯಲ್ಲಾ, ಹೊಡಿ ಅವನಿಗೆ!"

"ಆಂಟಿ, ಸಿಟ್, ಸಿಟ್" ಎಂದು ಮೊಮ್ಮಗಳು ಅಬಾಯಾ ಹಿಡಿದು ಎಳೆದಳು.

ಎರಡನೆಯ ಸುತ್ತಿನಲ್ಲಿ ಎದುರಿನವನು ನಮ್ಮವನ ಎಡಗಡೆಗೇ ಸುತ್ತತೊಡಗಿದ. ಯಾರೋ ಹೇಳಿಕೊಟ್ಟಿದ್ದರೋ, ತಾನೇ ಕಂಡುಕೊಂಡನೋ. ಎಡದಿಂದ ಬಂದ ಒದೆ ನಮ್ಮವನಿಗೆ ಕಾಣಲೇ ಇಲ್ಲ. ಬಂದು ಬಿದ್ದ ಮೇಲೆ ಕೈ ಎತ್ತಿದ. ಮತ್ತೊಂದು ಬಂತು. ಮೊಮ್ಮಗಳು ಹೇಳುವುದನ್ನು ನಿಲ್ಲಿಸಿದಳು. ಅದರ ನಡುವೆಯೇ ಒಮ್ಮೆ ಅವನ ಕತ್ತು ಇವನ ತೋಳಿಗೆ ಸಿಕ್ಕಿತ್ತು, ಇನ್ನೇನು ಗೆದ್ದ ಎಂದುಕೊಂಡೆವು, ಜಾರಿ ಹೋಯಿತು. ಗಂಟೆ ಹೊಡೆಯಿತು.

ಅಂಕಣದ ಮೂಲೆಯಲ್ಲಿ ಸ್ಟೂಲು ಇಟ್ಟರು. ಕೂತ. ಡಾಕ್ಟರು ಬಂದು ಬೆಳಕು ಬಿಟ್ಟು ನೋಡಿ ಏನೋ ಕೇಳಿದರು. ಡಾಕ್ಟರು ನಿಲ್ಲಿಸಲಿಲ್ಲ, ಅದನ್ನು ನಾನು ಸರಿಯಾಗಿ ನೋಡಿದ್ದೇನೆ. ಹುಡುಗನೇ ಅಂಗೈಯಿಂದ ಬಲಗಣ್ಣು ಮುಚ್ಚಿದ. ಎದುರಿಗೆ, ದೀಪಗಳ ಕಡೆಗೆ, ನೋಡಿದ. ಕೈ ತೆಗೆದ. ಬಾಯಿಯಿಂದ ಹಲ್ಲಿನ ರಬ್ಬರ್ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡ. ಎಲ್ಲರೂ ಏಳು ಏಳು ಎನ್ನುತ್ತಿದ್ದಾರೆ. ಏಳಲಿಲ್ಲ.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ರೆಫ್ರಿ ಹೋಗಿ ಆಚೆಯವನ ಕೈ ಎತ್ತಿದಾಗ ಸಿಳ್ಳೆ, ಬೈಗುಳ ಶುರುವಾಯಿತು. ನಮ್ಮ ಹಿಂದಿನ ಸಾಲಿನಿಂದ ಒಬ್ಬ "ಹೇಡಿ!" ಎಂದು ಕೂಗಿದ. ಇಲ್ಲಿಯ ಗಂಡಸಿಗೆ ಅದಕ್ಕಿಂತ ಕೆಟ್ಟ ಮಾತಿಲ್ಲ.

ಮನೆಯಮ್ಮ ತಿರುಗಿದಳು. "ಯಾರು ಅಂದದ್ದು? ನೀನಾ? ನಿನ್ನ ಅಮ್ಮ ಕೊಟ್ಟ ಎರಡು ಕಣ್ಣು ಗಟ್ಟಿ ಉಂಟಲ್ಲ, ಬಾ, ಇಳಿ ಒಳಗೆ! ನನ್ನ ಮಗ ಕೂತ ಸ್ಟೂಲಿನಲ್ಲಿ ಹೋಗಿ ಕೂತು ತೋರಿಸು! ಬಾ!"

ಅವನು ಮೊಬೈಲು ನೋಡುವವನ ಹಾಗೆ ತಲೆ ತಗ್ಗಿಸಿದ. ಅವಳು ಇನ್ನೂ ಬೈಯುತ್ತಿದ್ದಳು. ಮೊಮ್ಮಗಳೂ ನಾನೂ ಆಚೆ ಈಚೆ ತೋಳು ಹಿಡಿದು ಹೊರಗೆ ಕರೆತಂದೆವು.

ಅಷ್ಟಕ್ಕೇ ಮುಗಿಯಲಿಲ್ಲ. ಮುಖಕ್ಕೆ ಐಸು ಒತ್ತಿಕೊಂಡು ಹುಡುಗ ಕಾರಿಗೆ ಬಂದು ಕೂತ ಕೂಡಲೇ ಅವನ ಮೇಲೆ ಹರಿಹಾಯ್ದಳು. "ಎರಡನೆಯದರಲ್ಲಿ ಅವನ ಕತ್ತು ಕೈಗೆ ಸಿಕ್ಕಿತ್ತು! ಯಾಕೆ ಬಿಟ್ಟದ್ದು? ಹಿಡಿದ ಮೇಲೆ ಬಿಡ್ತಾರಾ?"

"ಯುಮ್ಮಾ, ಬೇಡ ಬೇಡ ಅಂದು ಖಾಲಾನ ಗಂಜಿ ಹಾಳು ಮಾಡಿದವಳು ನೀನು."

"ಆಡುದಾದರೆ ಸರಿಯಾಗಿ ಆಡಬೇಕು!"

ಅವನು ನಕ್ಕ. ನಕ್ಕರೆ ತುಟಿ ಒಡೆದು ರಕ್ತ ಬಂತು. ಆಮೇಲೆ ಮೆಲ್ಲಗೆ ಹೇಳಿದ, "ಬಲಗಣ್ಣು ಮುಚ್ಚಿದೆ ಯುಮ್ಮಾ. ಅಷ್ಟು ದೀಪ ಉಂಟಲ್ಲ ಅಲ್ಲಿ. ಒಂದೂ ಕಾಣಲಿಲ್ಲ." ಮನೆ ತಲುಪುವ ತನಕ ಅವಳು ಅವನ ಮೊಣಕೈ ಹಿಡಿದುಕೊಂಡೇ ಕೂತಿದ್ದಳು.

ಮತ್ತೆ ಆಪರೇಷನ್ ಆಯಿತು. ಎಡಗಣ್ಣಿಗೆ ಈಗ ಬೆಳಕು ಕಾಣುತ್ತದೆ, ಆಕಾರ ಕಾಣುತ್ತದೆ, ಯಾರ ಮುಖ ಎಂದು ತಿಳಿಯುವುದಿಲ್ಲ. ಅಷ್ಟಾದರೂ ಉಳಿಯಿತು, ಇನ್ನೆರಡು ಪೆಟ್ಟು ಬಿದ್ದಿದ್ದರೆ ಅದೂ ಇಲ್ಲ ಎಂದರು. ಅವನ ಶಾಲೆಯಿಂದ ಒಂದಿಬ್ಬರು ಹುಡುಗರು ಬಿಟ್ಟು ಹೋದರು, ಸ್ಟೂಲಿನಿಂದ ಏಳದವನ ಹತ್ತಿರ ಎಂತ ಕಲಿಯುವುದು ಎಂದು. ಉಳಿದವರು ಉಳಿದರು. ಅವನು ಹಗಲಿಡೀ ಮನೆಯಲ್ಲಿ ತಿರುಗುತ್ತಾನೆ, ಫ್ರಿಜ್ಜು ತೆರೆಯುತ್ತಾನೆ, ಮುಚ್ಚುತ್ತಾನೆ. ಆಟ ಇಲ್ಲ, ಕಾಲು ಮಾತ್ರ ನಿಂತಿಲ್ಲ.

"ಖಾಲಾ, ನಾನು ಮಾಡಿದ್ದು ಸರಿಯಾ?" ಎಂದು ಒಂದು ದಿನ ಕೇಳಿದ.

"ನನ್ನನ್ನು ಕೇಳಬೇಡ. ಕಣ್ಣು ನಿನ್ನದು. ದಾರಿ ಬಿಡು, ಕುದಿಯುವ ಪಾತ್ರೆ ಉಂಟು ಕೈಯಲ್ಲಿ" ಎಂದೆ. ಸರಿ ಎಂದಿದ್ದರೆ ಅವನಿಗೆ ಸಮಾಧಾನ ಆಗುತ್ತಿತ್ತೇನೋ. ಆದರೆ ನನಗೂ ಗೊತ್ತಿಲ್ಲದ್ದನ್ನು ನಾನು ಹೇಗೆ ಹೇಳಲಿ?

ಮನೆಯಮ್ಮನಿಗೆ ಈಗ ಹೊಸ ಹುಚ್ಚು ಹಿಡಿದಿದೆ. ಮಗನ ಹಳೆಯ ಆಟಗಳನ್ನೆಲ್ಲ ಟಿವಿಯಲ್ಲಿ ಹಾಕಿಸಿ ನೋಡುತ್ತಾಳೆ. ಹುಡುಕಿ ಕೊಡುವವಳು ನನ್ನ ಮೊಮ್ಮಗಳು, ಜೊತೆಗೆ ಕೂರಬೇಕಾದವಳು ನಾನು. ಅವನಿಗೆ ಒಂದು ಪೆಟ್ಟು ಬಿದ್ದರೆ ಅವಳು ನನ್ನ ತೋಳಿಗೆ ಒಂದು ಹೊಡೆಯುತ್ತಾಳೆ. ತೋಳೆಲ್ಲ ಕಪ್ಪಾಗಿದೆ. ಹುಡುಗನಿಗೆ ಒಳಗೆ ಕೂತು ನೋಡಲು ಆಗುವುದಿಲ್ಲ, ಪಡಸಾಲೆಯ ಬಾಗಿಲ ಹೊರಗೆ ಅತ್ತಿಂದಿತ್ತ ನಡೆಯುತ್ತಿರುತ್ತಾನೆ. ಮೊನ್ನೆ ನೋಡಿದ್ದು ಯಾವುದೋ ಹಿಮ ಬೀಳುವ ದೇಶದ್ದು.

"ಈಗ ಏನಾಯಿತು?" ಎಂದು ಹೊರಗಿನಿಂದ ಕೇಳಿದ.

"ಬಿದ್ದಿ" ಎಂದೆ ನಾನು.

"ಏಳ್ತೇನೆ, ನೋಡಿ ಈಗ."

"ಎದ್ದು ಮತ್ತೆ ಬೀಳ್ತೀಯಾ ಇಲ್ವಾ ಅಂತ ಈಗಲೇ ಹೇಳಬೇಡ!" ಎಂದು ಮನೆಯಮ್ಮ ಕೂಗಿದಳು. "ಸುಮ್ಮನೆ ಇರು, ನಮಗೆ ನೋಡ್ಲಿಕ್ಕೆ ಬಿಡು."